ಕನಸಲ್ಲಿ ಹಾವು ಬಂದರೆ ಏನು ಮಾಡಬೇಕು? ನಮ್ಮಜ್ಜಿಯ ಜರಡಿ ಮತ್ತು ನನ್ನ ನೋಟ್‌ಬುಕ್ಕು

ನಮ್ಮ ಗೌರಿಬಿದನೂರು ಕಡೆ ರಾತ್ರಿ ಹೊತ್ತು ಹಾವು ಅನ್ನುವಂತಿಲ್ಲ, ಹುಳ ಅನ್ನಬೇಕು. ಹುಳ ಕಾಣಿಸಿತು, ಹುಳ ಮುಟ್ಟಿತು. ಹೆಸರು ಹಿಡಿದು ಕರೆದರೆ ಬಂದೇಬಿಡುತ್ತೆ ಅನ್ನೋ ಅಳುಕು. ಕನಸಿಗೆ ಈ ಕಟ್ಟಲೆ ಇಲ್ಲ, ಕರೆಯದೇನೇ ಬರುತ್ತದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು "ರಾತ್ರಿ ಕನಸಲ್ಲಿ ಹಾವು ಬಂದಿತ್ತು" ಅಂದರೆ ಸಾಕು, ಮನೆಯಲ್ಲಿ ಮೂರು ಅರ್ಥ ಹುಟ್ಟುತ್ತವೆ. ಅತ್ತೆಗೆ ಅದು ನಾಗದೋಷ, ಮಾವನಿಗೆ ಹೊಲದ ತಕರಾರು, ಪಕ್ಕದ ಮನೆಯಾಕೆಗೆ ಸೊಸೆ ಬಸುರಿ.

ನಮ್ಮಜ್ಜಿಯ ಹತ್ತಿರ ಇಂಥ ಕನಸು ಹೊತ್ತುಕೊಂಡು ಊರ ಹೆಂಗಸರು ಬರುತ್ತಿದ್ದರು. ಅಜ್ಜಿ ಅರ್ಥ ಹೇಳುತ್ತಿದ್ದುದು ಕಡಿಮೆ, ಕೇಳುತ್ತಿದ್ದುದೇ ಹೆಚ್ಚು. ಎಲ್ಲಿ ಮಲಗಿದ್ದೆ? ಏನು ತಿಂದೆ? ಹಾವು ನಿನ್ನ ನೋಡ್ತಾ, ನೀನೇ ಅದನ್ನ ನೋಡಿದ್ಯಾ? ನಾಲ್ಕು ಪ್ರಶ್ನೆಗೆ ಮುಕ್ಕಾಲು ಪಾಲು ಕನಸುಗಳು ಕರಗಿಹೋಗುತ್ತಿದ್ದವು. ಉಳಿದವುಗಳಿಗೆ ಮಾತ್ರ "ಇದು ನಿನಗೆ ಬಂದ ಕನಸು, ನೀನೇ ಕೂತು ಯೋಚನೆ ಮಾಡು" ಅನ್ನುತ್ತಿದ್ದಳು. ಆ ಕ್ರಮಕ್ಕೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಹಂತಹಂತವಾಗಿ ಇಟ್ಟಿದ್ದೇನೆ.

ಅರ್ಥಕ್ಕೆ ಮುಂಚೆ ಹಾಸಿಗೆ ಕೊಡವಿ

ಆಧ್ಯಾತ್ಮದ ಲೇಖನದಲ್ಲಿ ಇದೇನು ಮೊದಲೇ ಅಂತ ನಗಬೇಡಿ. ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುವ ಮನೆಗಳು ನಮ್ಮ ಕಡೆ ಇವತ್ತಿಗೂ ಇವೆ. ಕಟ್ಟುಹಾವು ಓಡಾಡುವುದು ರಾತ್ರಿ, ಮಲಗಿದವರ ಪಕ್ಕಕ್ಕೂ ಬರುತ್ತದೆ. ಅದರ ಕಡಿತ ಸೊಳ್ಳೆ ಕಚ್ಚಿದಷ್ಟೂ ನೋಯದೆ ಇರಬಹುದು, ಗುರುತೂ ಕಾಣದೆ ಇರಬಹುದು. ಕಚ್ಚಿಸಿಕೊಂಡವರು ಅರೆನಿದ್ದೆಯಲ್ಲಿ "ಏನೋ ಕನಸು" ಅಂತ ಮಗ್ಗುಲು ಬದಲಿಸಿ ಮಲಗಿಬಿಡುತ್ತಾರೆ.

ಹಾವು ಕಚ್ಚಿದ ಕನಸು ಬಿದ್ದು ಎದ್ದಾಗ ಹೊಟ್ಟೆ ಹಿಂಡುವ ನೋವು, ವಾಂತಿ, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟ, ಇವುಗಳಲ್ಲಿ ಒಂದಿದ್ದರೂ ಅದು ಕನಸಲ್ಲ ಅಂತಲೇ ತಿಳಿದು 108ಕ್ಕೆ ಕರೆ ಮಾಡಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಎಳೆಯಬೇಡಿ. ಬಳೆ ಉಂಗುರ ಬಿಚ್ಚಿ, ಕೈಕಾಲು ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಔಷಧಿ ಇದೆ, ಅದು ಆಸ್ಪತ್ರೆಯಲ್ಲಿ ಮಾತ್ರ ಸಿಗುತ್ತದೆ. ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ನಮ್ಮ ರಾಜ್ಯ 2024ರಲ್ಲೇ ಸೇರಿಸಿದೆ. ಮಂತ್ರ ಹಾಕಿಸುವವರ ಹತ್ತಿರ ಕಳೆದ ಅರ್ಧ ಗಂಟೆ ವಾಪಸ್ ಬರುವುದಿಲ್ಲ.

ಇದೇನೂ ಇಲ್ಲ, ಮೈ ಸ್ವಸ್ಥವಾಗಿದೆ, ಎದೆ ಮಾತ್ರ ಡವಡವ ಅನ್ನುತ್ತಿದೆ ಅಂದರೆ ಮುಂದೆ ಓದಿ.

ಯಾರಿಗೂ ಹೇಳುವ ಮುಂಚೆ ಬರೆದಿಡಿ

ಒಬ್ಬರಿಗೆ ಹೇಳಿದ ಕೂಡಲೇ ಕನಸು ಬದಲಾಗುತ್ತದೆ. ಕೇಳಿದವರು "ಹೆಡೆ ಎತ್ತಿತ್ತಾ?" ಅಂದರೆ, ಎತ್ತಿರದಿದ್ದರೂ ಎತ್ತಿತ್ತು ಅನ್ನಿಸಲು ಶುರುವಾಗುತ್ತದೆ. ಎರಡನೆಯವರಿಗೆ ಹೇಳುವ ಹೊತ್ತಿಗೆ ಅದು ಏಳು ಹೆಡೆಯ ಆದಿಶೇಷನೇ ಆಗಿರುತ್ತದೆ. ಅದಕ್ಕೇ ದಿಂಬಿನ ಹತ್ತಿರ ಒಂದು ನೋಟ್‌ಬುಕ್ಕು. ಜಾಗ, ಹೊತ್ತು, ಹಾವು ಏನು ಮಾಡುತ್ತಿತ್ತು, ಎಚ್ಚರವಾದಾಗ ನಿಮಗೇನನ್ನಿಸಿತು, ಇಷ್ಟು ಸಾಕು.

ನನ್ನದೇ ಒಂದು ಪುಟ ಹೀಗಿದೆ: "ಆಷಾಢ. ನಾಲ್ಕೂವರೆ ಇರಬಹುದು. ಹಳೇ ಮನೆ ಅಡುಗೆ ಕೋಣೆ, ಒಳಕಲ್ಲ ಪಕ್ಕ ಸುರುಳಿ ಸುತ್ತಿ ಮಲಗಿತ್ತು. ಮೈ ಒಣಗಿ ಬಿಳಿಚಿಕೊಂಡಿತ್ತು. ಭಯ ಆಗಲಿಲ್ಲ. ಪಾಪ ಅನ್ನಿಸಿತು." ಕೊನೆಯ ಸಾಲು ಬರೆದಿರದಿದ್ದರೆ ಆ ಕನಸು ನನಗೆ ಯಾವತ್ತೂ ಅರ್ಥವಾಗುತ್ತಿರಲಿಲ್ಲ. ಆ ಮಾತು ಆಮೇಲೆ.

ಜರಡಿ ಹಿಡಿಯಿರಿ

ನನಗೆ ತೀರಾ ಇಷ್ಟವಾದ ಹಂತ ಇದು. ಚರಕ ಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸು ಏಳು ಬಗೆ ಅಂತ ಹೇಳಿದೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಆಮೇಲೆ ಭಾವಿಕ ಅಂದರೆ ಮುಂದಾಗುವುದನ್ನು ಸೂಚಿಸುವಂಥದ್ದು, ಕೊನೆಗೆ ದೋಷಜ ಅಂದರೆ ವಾತ ಪಿತ್ತ ಕಫ ಏರುಪೇರಾಗಿ ಬಿದ್ದದ್ದು. ಇದರಲ್ಲಿ ಮೊದಲ ಐದಕ್ಕೆ ಫಲವೇ ಇಲ್ಲ ಅಂತ ಅದೇ ಪುಸ್ತಕ ಖಡಾಖಂಡಿತವಾಗಿ ಹೇಳುತ್ತದೆ. ಹಗಲು ನಿದ್ದೆಯ ಕನಸು, ತೀರಾ ಚುಟುಕಾದದ್ದು, ತೀರಾ ಉದ್ದವಾದದ್ದು, ಇವಕ್ಕೂ ಫಲವಿಲ್ಲ. ನಮ್ಮಜ್ಜಿ ಚರಕನ ಹೆಸರು ಕೇಳಿದವಳಲ್ಲ, ಆದರೆ ಅವಳ ಪ್ರಶ್ನೆಗಳೂ ಇದೇ ಜಾಡಿನವು.

ನಮ್ಮ ಕಡೆಯ ಬದುಕಿಗೆ ಈ ಜರಡಿ ಹಿಡಿದು ನೋಡಿ. ಶಿಡ್ಲಘಟ್ಟದಲ್ಲಿ ರೇಷ್ಮೆ ಹುಳು ಸಾಕುವವರು ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ಕಾಲಡಿಯಲ್ಲಿ ಕೇರೆಹಾವು ಸರಕ್ಕಂತ ಹೋದರೆ ಆ ರಾತ್ರಿ ಕನಸಲ್ಲಿ ಬರದೆ ಇನ್ನೆಲ್ಲಿಗೆ ಹೋಗಬೇಕು? ಅದು ಕಂಡದ್ದು. ಪಾವಗಡದಲ್ಲಿ ಕಡಲೆಕಾಯಿ ಗಿಡ ಕೀಳುವಾಗ ಪಕ್ಕದ ಸಾಲಿನಲ್ಲಿ ಮಂಡಲದ ಹಾವು ಹೊರಟಿತಂತೆ ಅಂತ ಯಾರೋ ಅಂದದ್ದು, ಕೇಳಿದ್ದು. ಹೆಲ್ಮೆಟ್ ಒಳಗೆ ಹಾವು ಕೂತಿರುವ ವಾಟ್ಸಾಪ್ ವಿಡಿಯೊ, ರಾತ್ರಿ ಒಂಬತ್ತಕ್ಕೆ ನಾಗಿಣಿ ಧಾರಾವಾಹಿ, ಎರಡೂ ಕಂಡದ್ದಕ್ಕೇ ಸೇರಿದವು. ಮದುವೆಯಾಗಿ ಐದಾರು ವರ್ಷವಾದರೂ ಮಕ್ಕಳಾಗದವರಿಗೆ ನಾಗರಕಲ್ಲಿನ ಮೇಲೆ ಹಾವು ಆಡುವ ಕನಸು ಬಿದ್ದರೆ ಅದು ಬಯಸಿದ್ದು. ಇದನ್ನು ಹೇಳುವಾಗ ನನಗೆ ಕರುಳು ಚುರುಕ್ ಅನ್ನುತ್ತದೆ, ಯಾಕೆಂದರೆ ಆ ಕನಸನ್ನೇ ಹಿಡಿದು ಅವರ ಹತ್ತಿರ ದುಡ್ಡು ಕೀಳುವವರು ಕಾದುಕೂತಿರುತ್ತಾರೆ.

ದೋಷಜವನ್ನು ಪತ್ತೆ ಮಾಡುವುದು ಸುಲಭ. ರಾತ್ರಿ ಹತ್ತೂವರೆಗೆ ಮುದ್ದೆ, ಕೋಳಿಸಾರು ಗಡದ್ದಾಗಿ ಹೊಡೆದು ಎಡಬಲ ನೋಡದೆ ಮಲಗಿದ್ದೀರಾ? ಜ್ವರ ಇತ್ತಾ? ಕರೆಂಟು ಹೋಗಿ ಫ್ಯಾನ್ ನಿಂತು ಸೆಕೆಯಲ್ಲಿ ಒದ್ದಾಡಿದ್ರಾ? ಹಾವು ನಿಮ್ಮ ಮೈ ಸುತ್ತಿಕೊಂಡಿತ್ತು ಅನ್ನುವವರು ಎದ್ದಾಗ ಹೊದಿಕೆ ಎಲ್ಲಿತ್ತು ಅಂತಲೂ ನೆನಪು ಮಾಡಿಕೊಳ್ಳಿ.

ಇಷ್ಟೆಲ್ಲ ದಾಟಿ ಜರಡಿಯ ಮೇಲೆ ಉಳಿದರೆ, ಅಂದರೆ ಕಾರಣವಿಲ್ಲದೆ ಬಂತು, ಸ್ಪಷ್ಟವಾಗಿತ್ತು, ದಿನವೆಲ್ಲ ಬೆನ್ನು ಬಿಡಲಿಲ್ಲ, ಅಥವಾ ಅದೇ ಕನಸು ಎರಡು ಮೂರು ಸಲ ಬಿತ್ತು ಅಂದರೆ, ಅದನ್ನು ಲಘುವಾಗಿ ತಳ್ಳಿಹಾಕಬೇಡಿ.

ಯಾವ ಜಾವ?

ರಾತ್ರಿಯನ್ನು ನಾಲ್ಕು ಜಾವ ಮಾಡಿ ಫಲ ಹೇಳುವುದು ಹಳೆಯ ಪದ್ಧತಿ. ಅಗ್ನಿಪುರಾಣದ ಲೆಕ್ಕದಲ್ಲಿ ಮೊದಲ ಜಾವದ ಕನಸಿಗೆ ಒಂದು ವರ್ಷ, ಎರಡನೆಯದಕ್ಕೆ ಆರು ತಿಂಗಳು, ಮೂರನೆಯದಕ್ಕೆ ಮೂರು ತಿಂಗಳು, ನಾಲ್ಕನೆಯದಕ್ಕೆ ಹದಿನೈದು ದಿನ, ಅರುಣೋದಯದ್ದಕ್ಕೆ ಹತ್ತು ದಿನದಲ್ಲಿ ಫಲ. ಒಂದೇ ರಾತ್ರಿ ಎರಡು ಕನಸಾದರೆ ಎರಡನೆಯದೇ ಲೆಕ್ಕಕ್ಕೆ. ಒಳ್ಳೆಯ ಕನಸು ಬಿದ್ದರೆ ಮತ್ತೆ ಮಲಗಬಾರದು ಅಂತಲೂ ಇದೆ.

ಬೆಳಗಿನ ಜಾವದ ಕನಸು ನಿಜವಾಗುತ್ತೆ ಅನ್ನುವುದಕ್ಕೆ ನಿದ್ದೆಯ ವಿಜ್ಞಾನದಲ್ಲಿ ಒಂದು ಪಕ್ಕದ ಕಾರಣ ಸಿಗುತ್ತದೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಹೊರಳಾಡುವ ನಿದ್ದೆ ಸುಮಾರು 90 ನಿಮಿಷಕ್ಕೊಮ್ಮೆ ಸುತ್ತು ಹೊಡೆಯುತ್ತದೆ. ಎದ್ದುಕಾಣುವ ಕನಸುಗಳು ಬೀಳುವುದು ಹೆಚ್ಚಾಗಿ ಆಗಲೇ. ಬೆಳಗಾಗುತ್ತ ಆ ಹೊತ್ತು ಉದ್ದವಾಗುತ್ತದೆ, ಅಲ್ಲೇ ಎಚ್ಚರವೂ ಆಗುತ್ತದೆ. ಹಾಗಾಗಿ ನೆನಪಲ್ಲಿ ಉಳಿಯುವುದು ಬೆಳಗಿನ ಕನಸೇ. ನಾನಂತೂ ಈ ದಿನಗಣನೆಯನ್ನು ಗಡುವು ಅಂತ ತೆಗೆದುಕೊಳ್ಳುವುದಿಲ್ಲ. ಹತ್ತು ದಿನ ಕ್ಯಾಲೆಂಡರ್ ನೋಡುತ್ತ ಕೂತರೆ ಏನಾದರೂ ಒಂದು ಆಗೇ ಆಗುತ್ತದೆ.

ಹಾವು ಏನು ಮಾಡುತ್ತಿತ್ತು?

ಬಣ್ಣಕ್ಕಿಂತ ಇದು ಮುಖ್ಯ.

ಅಟ್ಟಿಸಿಕೊಂಡು ಬಂದ ಹಾವಿಗೆ ನಮ್ಮ ಕಡೆ ಹೇಳುವ ಅರ್ಥ ಹರಕೆ ಬಾಕಿ. ಮಗು ಹುಟ್ಟಿದರೆ ಮುಡಿ ಕೊಡುತ್ತೇವೆ, ಬೋರ್‌ವೆಲ್‌ನಲ್ಲಿ ನೀರು ಬಿದ್ದರೆ ಘಾಟಿ ಸುಬ್ರಹ್ಮಣ್ಯಕ್ಕೆ ಬರುತ್ತೇವೆ ಅಂತ ಹೇಳಿಕೊಂಡು ಮರೆತದ್ದು. ಇದರಲ್ಲಿ ಒಂದು ಮನಃಶಾಸ್ತ್ರವೂ ಇದೆ: ಕೊಟ್ಟ ಮಾತು ನಾಲಗೆ ಮರೆತರೂ ಒಳಗೆಲ್ಲೋ ಕೂತಿರುತ್ತದೆ. ಹರಕೆಯೇ ಆಗಬೇಕೆಂದಿಲ್ಲ. ಅಣ್ಣತಮ್ಮಂದಿರ ಪಾಲಿನ ಜಗಳ, ವಾಪಸ್ ಕೊಡದ ಸಾಲ, ಯಾವುದರಿಂದ ಓಡುತ್ತಿದ್ದೀರೋ ಅದು ಹಿಂದೆ ಬರುತ್ತದೆ.

ಕಚ್ಚಿದರೆ ಕೆಟ್ಟದ್ದು ಅಂತ ಎಲ್ಲರೂ ಹೆದರುತ್ತಾರೆ, ಆದರೆ ಹಳೆಯ ಸ್ವಪ್ನಾಧ್ಯಾಯಗಳು ಉಲ್ಟಾ ಹೇಳುತ್ತವೆ. ಬಿಳಿ ಹಾವು ಬಲಗೈ ಕಚ್ಚಿದರೆ ಹತ್ತು ದಿನದಲ್ಲಿ ಧನಲಾಭ ಅಂತ ಅಲ್ಲಿದೆ. ನಮ್ಮ ಊರಲ್ಲೂ "ಕಚ್ಚಿದರೆ ಕಂಟಕ ಕಳೀತು" ಅನ್ನುವವರಿದ್ದಾರೆ.

ಕನಸಲ್ಲಿ ಹಾವು ಕೊಂದವರ ಗೋಳು ಬೇರೆ. ಸ್ವಪ್ನಶಾಸ್ತ್ರ ಹೇಳುವವರು ಶತ್ರುನಾಶ ಅಂತಾರೆ, ಮನೆಯ ಹಿರಿಯರು ಸರ್ಪಹತ್ಯೆ ಅಂತಾರೆ. ನನ್ನ ಅಭಿಪ್ರಾಯ ಕೇಳಿದರೆ ಕನಸಲ್ಲಿ ಮಾಡಿದ್ದಕ್ಕೆ ಪಾಪವೂ ಇಲ್ಲ ಪುಣ್ಯವೂ ಇಲ್ಲ. ಎಚ್ಚರದಲ್ಲಿ ಕೊಂದದ್ದಿದ್ದರೆ ಮಾತ್ರ ನೆನಪು ಮಾಡಿಕೊಳ್ಳಿ. ಸತ್ತ ನಾಗರಹಾವಿನ ಬಾಯಿಗೆ ಕಾಸಿಟ್ಟು, ಹಾಲುತುಪ್ಪ ಬಿಟ್ಟು ಸುಡುವ ಪದ್ಧತಿ ನಮ್ಮಲ್ಲಿ ಇರುವುದೇ ಆ ಅಳುಕನ್ನು ಇಳಿಸಿಕೊಳ್ಳಲಿಕ್ಕೆ.

ಎರಡು ಹಾವು ಹೆಣೆದುಕೊಂಡು ನಿಂತ ಕನಸು ಶುಭ, ಮದುವೆ ಮಕ್ಕಳ ಸೂಚನೆ ಅನ್ನುತ್ತಾರೆ. ನಾಗರಕಲ್ಲಿನ ಕೆತ್ತನೆಯೇ ಹಾಗಿರುತ್ತದಲ್ಲ, ಎರಡು ಹಾವು ಜಡೆಯಂತೆ ಹೆಣೆದು ನಡುವೆ ಪುಟ್ಟ ಲಿಂಗ. ಹೊಲದಲ್ಲಿ ನಿಜವಾಗಿ ಹಾಗೆ ನಿಂತದ್ದು ಕಂಡರೆ ಮೇಲೆ ಟವೆಲ್ ಹಾಕಲು ಓಡುವವರಿಗೆ ಒಂದು ಮಾತು: ಅವು ಬಹಳ ಸಲ ಎರಡೂ ಗಂಡು ಕೇರೆಹಾವುಗಳು, ನಡೆಯುತ್ತಿರುವುದು ಕುಸ್ತಿ.

ಸುಮ್ಮನೆ ಸುರುಳಿ ಸುತ್ತಿ ಮಲಗಿದ ಹಾವನ್ನು ಯೋಗದವರು ಕುಂಡಲಿನಿ ಅನ್ನುತ್ತಾರೆ. ಮೂಲಾಧಾರದಲ್ಲಿ ಮೂರೂವರೆ ಸುತ್ತು ಸುತ್ತಿ ನಿದ್ರಿಸುವ ಶಕ್ತಿ. ಜಪ, ಧ್ಯಾನ ನಡೆಸಿಕೊಂಡು ಬಂದವರಿಗೆ ಅದು ಒಪ್ಪುವ ಅರ್ಥ. ಮೂರು ದಿನ ಪ್ರಾಣಾಯಾಮ ಮಾಡಿ ಕುಂಡಲಿನಿ ಎದ್ದಿತು ಅನ್ನುವವರನ್ನು ನಾನು ನಂಬುವುದಿಲ್ಲ. ಪೊರೆ ಬಿಡುವ ಹಾವು ಹಳೆಯದೊಂದು ಕಳಚುತ್ತಿದೆ ಅನ್ನುವುದಕ್ಕೆ ವಿವರಣೆಯೇ ಬೇಡ. ಬಸುರಿಗೆ ಹಾವು ಕಂಡರೆ ಗಂಡು ಮಗು ಅನ್ನುವುದನ್ನು ದಯವಿಟ್ಟು ಬಾಣಂತಿಕೋಣೆಯ ಹರಟೆಯಲ್ಲೇ ಬಿಡಿ.

ಮಾಡಬೇಕಾದದ್ದು, ಹತ್ತಿರದಲ್ಲೇ

ಭಯವಿದ್ದರೆ ಅದೇ ರಾತ್ರಿಗೆ: ಮಲಗುವಾಗ ರಾಮ, ಸ್ಕಂದ, ಹನುಮಂತ, ವೈನತೇಯ, ವೃಕೋದರ, ಈ ಐದು ಹೆಸರು ಹೇಳಿಕೊಳ್ಳಿ. ದುಃಸ್ವಪ್ನ ನಾಶಕ್ಕೆ ಹೇಳುವ ಹಳೆಯ ಶ್ಲೋಕದ ಹೆಸರುಗಳಿವು. ಗಮನಿಸಿ, ಸ್ಕಂದ ಅಂದರೆ ನಾಗಗಳನ್ನು ಕಾಯುವ ಸುಬ್ರಹ್ಮಣ್ಯ, ವೈನತೇಯ ಅಂದರೆ ಹಾವನ್ನು ತಿನ್ನುವ ಗರುಡ. ಇಬ್ಬರನ್ನೂ ಒಂದೇ ಉಸಿರಲ್ಲಿ ಕರೆದು ಮಲಗುವವರ ಜಾಣತನ ನನಗೆ ಬಹಳ ಹಿಡಿಸುತ್ತದೆ. ಓದುವ ಅಭ್ಯಾಸವಿದ್ದವರಿಗೆ ಗಜೇಂದ್ರ ಮೋಕ್ಷ ಇದೆ, ಕೆಟ್ಟ ಕನಸು ಕಳೆಯುತ್ತದೆ ಅಂತ ಭಾಗವತವೇ ಹೇಳುತ್ತದೆ. ನವನಾಗರ ಹೆಸರು ಹೇಳುವ ರೂಢಿಯಿದ್ದರೆ ಅನಂತ, ವಾಸುಕಿ, ಶೇಷ, ಪದ್ಮನಾಭ, ಕಂಬಲ, ಶಂಖಪಾಲ, ಧೃತರಾಷ್ಟ್ರ, ತಕ್ಷಕ, ಕಾಳಿಯ.

ಆಮೇಲೆ ತನಿ ಎರೆಯುವುದು, ಅಂದರೆ ನಾಗರಕಲ್ಲಿಗೆ ನೀರು ಹಾಲು ಹಾಕಿ ಪೂಜೆ ಮಾಡುವುದು. ಶ್ರಾವಣದ ನಾಗರ ಪಂಚಮಿಗೋ, ದೀಪಾವಳಿ ಆದ ನಾಲ್ಕನೇ ದಿನ ತೆಲುಗು ಮನೆಗಳವರು ಮಾಡುವ ನಾಗುಲ ಚವಿತಿಗೋ ಕಾಯಬೇಕಿಲ್ಲ. ನಿಮ್ಮೂರ ಅರಳಿಕಟ್ಟೆಗೆ ಬೆಳಿಗ್ಗೆ ಸ್ನಾನ ಮಾಡಿ ಹೋಗಿ. ಒಂದು ಚೊಂಬು ನೀರು, ಒಂದು ಉದ್ಧರಣೆ ಹಾಲು, ಅರಿಸಿನ ಕುಂಕುಮ, ಹತ್ತಿಯ ಗೆಜ್ಜೆವಸ್ತ್ರ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಅಕ್ಕಿ ತಂಬಿಟ್ಟು. ಮೊದಲು ಕಲ್ಲನ್ನು ನೀರಲ್ಲಿ ತೊಳೆಯಿರಿ. ಹಾಲು ಹನಿಸಿ ಸಾಕು, ಲೀಟರ್‌ಗಟ್ಟಲೆ ಸುರಿದರೆ ಇರುವೆಗಷ್ಟೇ ಹಬ್ಬ. ಹುತ್ತದ ಬಾಯಿಗೆ ಹಾಲು ಹೊಯ್ಯಬೇಡಿ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಒಳಗೆ ಜೀವ ಇದ್ದರೆ ಅದಕ್ಕೆ ತೊಂದರೆಯೇ. ಬುಟ್ಟಿಯಲ್ಲಿ ಹಾವು ತಂದು ಮನೆ ಬಾಗಿಲಲ್ಲಿ ಹಾಲೆರೆಸುವವರಿಗೆ ಕಾಸು ಕೊಡುವುದೂ ತಪ್ಪು, ಹಾಗೆ ಹಿಡಿದಿಡುವುದು ಕಾನೂನಿಗೆ ವಿರುದ್ಧ.

ಕ್ಷೇತ್ರಕ್ಕೇ ಹೋಗಬೇಕು ಅನ್ನಿಸಿದರೆ ನಮ್ಮ ಸುತ್ತಲೇ ಇವೆ. ವಿದುರಾಶ್ವತ್ಥಕ್ಕೆ ಗೌರಿಬಿದನೂರಿಂದ ಆಟೋದಲ್ಲೇ ಹೋಗಬಹುದು. ವಿದುರ ನೆಟ್ಟ ಅನ್ನುವ ಆ ಹಳೆಯ ಅಶ್ವತ್ಥ ಈಗ ಉರುಳಿಹೋಗಿದೆ, ಆದರೆ ಜನ ಹರಕೆಗೆ ನಿಲ್ಲಿಸಿದ ನಾಗರಕಲ್ಲುಗಳ ಸಾಲು ಮುಗಿಯುವುದೇ ಇಲ್ಲ. ಹೆಗಲಿಗೆ ಹೆಗಲು ತಾಗಿಸಿ ನಿಂತ ಸಾವಿರಾರು ಹೆಡೆಗಳು, ಕೆಲವಕ್ಕೆ ನಿನ್ನೆಯ ಕುಂಕುಮ, ಕೆಲವಕ್ಕೆ ಎಷ್ಟೋ ವರ್ಷದ ಧೂಳು. ಪಕ್ಕದಲ್ಲೇ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ. ಕಲ್ಲಿಗೆ ಕೈಮುಗಿದವರು ಅಲ್ಲೂ ಒಂದು ಗಳಿಗೆ ನಿಲ್ಲಿ.

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಉತ್ತರ ಪಿನಾಕಿನಿ ದಡದಲ್ಲಿದೆ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಸುಬ್ರಹ್ಮಣ್ಯ ಅಂತ ನಮ್ಮ ಕಡೆಯ ಎಣಿಕೆ. ಅಲ್ಲಿ ಹೇಳುವ ಕಥೆಯೇ ಕನಸಿನದು. ಪ್ರತಿ ವರ್ಷ ಕುಕ್ಕೆ ತೇರಿಗೆ ಹೋಗುತ್ತಿದ್ದ ಭಕ್ತನಿಗೆ ಮುಪ್ಪಿನಲ್ಲಿ ಕಾಲು ಸೋತಾಗ ಸ್ವಾಮಿ ಕನಸಲ್ಲಿ ಬಂದು, ನೀನು ಬರಬೇಡ, ನಾನೇ ನಿನ್ನೂರಿಗೆ ಬರುತ್ತೇನೆ ಅಂದನಂತೆ. ಹೊಲ ಉಳುವಾಗ ನೇಗಿಲಿಗೆ ನಾಗರಶಿಲೆ ಸಿಕ್ಕಿತಂತೆ. ಘಾಟಿ ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿನದು. ಮುಂದೆ ಸುಬ್ರಹ್ಮಣ್ಯ, ಬೆನ್ನಿಗೆ ನರಸಿಂಹ, ಹಿಂದಿನವನನ್ನು ಕನ್ನಡಿಯಲ್ಲಿ ನೋಡಬೇಕು. ಕನಸಲ್ಲಿ ಬಂದದ್ದು ಚೇಳಾದರೆ ಕೋಲಾರಕ್ಕೆ ಹೋಗಿ, ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ.

ದುಡ್ಡು ಕೇಳಿದರೆ

ಒಂದು ವರ್ಷ ಸತತವಾಗಿ ಮೂರು ಸಲ ಹಾವಿನ ಕನಸು ಬಿದ್ದು ನಾನೂ ಒಬ್ಬ ಜ್ಯೋತಿಷಿಯ ಮುಂದೆ ಕೂತಿದ್ದೆ. ಆತ ನನ್ನ ಕನಸನ್ನು ಅರ್ಧಕ್ಕೇ ತಡೆದ. ಜಾತಕ ಬಿಚ್ಚುವ ಮೊದಲೇ ದೋಷದ ಹೆಸರು ಬಂತು, ಹೆಸರಿನ ಹಿಂದೆಯೇ ಮೊತ್ತ ಬಂತು, ಅಮಾವಾಸ್ಯೆಯೊಳಗೆ ಮಾಡಿಸದಿದ್ದರೆ ಮನೆಯಲ್ಲಿ ಸಾವು ಅನ್ನುವ ಮಾತೂ ಬಂತು. ಅವತ್ತು ಮುಂಗಡ ಕೊಟ್ಟು ಬಂದವರಲ್ಲಿ ನಾನೂ ಒಬ್ಬಾಕೆ. ಆ ದುಡ್ಡು ಹೋಯಿತು, ಒಂದು ತಿಂಗಳ ನಿದ್ದೆಯೂ ಹೋಯಿತು.

ಅದಕ್ಕೇ ಹೇಳುತ್ತೇನೆ, ಕನಸು ಪೂರ್ತಿ ಕೇಳದವರ ಹತ್ತಿರ ಅರ್ಥ ಕೇಳಬೇಡಿ. ಸಾವಿನ ಹೆದರಿಕೆ ಹಾಕಿ ತಾರೀಖು ಕೊಡುವವರ ಮುಂದಿಂದ ಎದ್ದು ಬನ್ನಿ. ಸರ್ಪಸಂಸ್ಕಾರ, ಆಶ್ಲೇಷಾ ಬಲಿ ಮಾಡಿಸಲೇಬೇಕು ಅಂತ ಮನೆಯವರೆಲ್ಲ ಕೂತು ತೀರ್ಮಾನಿಸಿದರೆ ದೇವಸ್ಥಾನದ ಕೌಂಟರಿನಲ್ಲೇ ರಸೀತಿ ಪಡೆದು ಮಾಡಿಸಿ, ನಡುವೆ ಯಾರೂ ಬೇಡ. ಇನ್ನು ತಿಂಗಳುಗಟ್ಟಲೆ ಅದೇ ಕನಸು, ಮಲಗಲಿಕ್ಕೇ ಭಯ ಅಂತಾದರೆ ಮನೋವೈದ್ಯರನ್ನು ಕಾಣುವುದರಿಂದ ನಾಗಪ್ಪ ಮುನಿಸಿಕೊಳ್ಳುವುದಿಲ್ಲ.

ಆ ಒಣಗಿದ ಹಾವು

ಒಳಕಲ್ಲ ಪಕ್ಕ ಬಿಳಿಚಿಕೊಂಡು ಮಲಗಿದ್ದ ಹಾವನ್ನು ಜರಡಿಗೆ ಹಾಕಿದೆ. ಹಿಂದಿನ ದಿನ ಕಂಡದ್ದಿಲ್ಲ, ಕೇಳಿದ್ದಿಲ್ಲ, ತಿಂದದ್ದೂ ಬರೀ ಮೊಸರನ್ನ. "ಪಾಪ ಅನ್ನಿಸಿತು" ಅನ್ನುವ ಸಾಲನ್ನು ನಾಲ್ಕೈದು ದಿನ ಓದಿದ ಮೇಲೆ ಹೊಳೆಯಿತು. ಹಳೇ ಊರಿನ ಕಟ್ಟೆಯ ಮೇಲೆ ಅಜ್ಜಿ ನಿಲ್ಲಿಸಿದ್ದ ನಾಗರಕಲ್ಲೊಂದಿದೆ. ಅಪ್ಪ ಹುಟ್ಟುವ ಮುಂಚಿನ ಹರಕೆ. ಅಜ್ಜಿ ಹೋದ ಮೇಲೆ ಅದಕ್ಕೆ ಯಾರೂ ನೀರು ಹಾಕಿರಲಿಲ್ಲ.

ಶ್ರಾವಣ ಬರುವವರೆಗೂ ಕಾಯದೆ ಆ ಭಾನುವಾರವೇ ಹೋದೆ. ಕಲ್ಲು ಅರ್ಧ ಮಣ್ಣಲ್ಲಿ ಹೂತಿತ್ತು, ಬೆನ್ನಿಗೆ ಬಿಳಿ ಹಾವಸೆ ಹಿಡಿದಿತ್ತು. ತೆಂಗಿನ ನಾರಿನಲ್ಲಿ ಉಜ್ಜಿದರೆ ಒಳಗಿಂದ ಕರೀ ಕಲ್ಲು, ಹೆಡೆಯ ಮೇಲೆ ಉಳಿಯ ಗುರುತು, ನಡುವೆ ಕಡಲೆಕಾಳಿನಷ್ಟು ಲಿಂಗ. ಪಕ್ಕದಲ್ಲಿ ಇನ್ಯಾರದೋ ಮನೆಯ ಕಲ್ಲು ಅದೇ ಸ್ಥಿತಿಯಲ್ಲಿತ್ತು, ಚೊಂಬಿನಲ್ಲಿ ಉಳಿದ ನೀರು ಅದಕ್ಕೂ ಹಾಕಿದೆ. ಚಿಗಳಿಯಲ್ಲಿ ಒಂದು ಕಲ್ಲ ಮುಂದೆ ಇಟ್ಟೆ, ಉಳಿದದ್ದನ್ನು ಕಟ್ಟೆ ಕೆಳಗೆ ಗೋಲಿ ಆಡುತ್ತಿದ್ದ ಹುಡುಗರು ತಿಂದರು.

ಹಾವು ಮತ್ತೆ ಕನಸಲ್ಲಿ ಬಂತಾ ಅಂತ ಕೇಳುವವರಿದ್ದಾರೆ. ಬಂತು, ಕಾರ್ತಿಕದಲ್ಲಿ, ಹಿತ್ತಲ ಬಚ್ಚಲಲ್ಲಿ ಹಸುರು ಪೈಪಿನ ಹಾಗೆ ಉದ್ದಕ್ಕೆ ಬಿದ್ದುಕೊಂಡಿತ್ತು. ಹಿಂದಿನ ಸಂಜೆ ಅದೇ ಬಚ್ಚಲಲ್ಲಿ ಅದೇ ಪೈಪು ಎಡವಿ ಬಿದ್ದಿದ್ದೆ. ನೋಟ್‌ಬುಕ್ಕಲ್ಲಿ ಒಂದು ಸಾಲು ಬರೆದು ಮತ್ತೆ ಮಲಗಿದೆ.